ಕಲ್ಲಿಗೆ ಓರೆ ಬಿಸಿಲು, ಮರಕ್ಕೆ ತೆಳು ನೆರಳು: ಪಾರ್ಕಿನ ಹಳೆ ಕಟ್ಟಡಗಳ ಫೋಟೊ ತೆಗೆಯುವುದು ಹೀಗೆ

ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಗೆ ನೀವು ಹೋಗಿರಬಹುದು. ಫೋಟೊ ಕೂಡ ತೆಗೆದಿರಬಹುದು. ಮನೆಗೆ ಬಂದು ನೋಡಿದರೆ ಒಂದು ಕಪ್ಪು ಗೋಡೆ, ಮೇಲೆ ಬೆಳ್ಳಗಿನ ಆಕಾಶ, ಅಷ್ಟೇ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು ಅದು. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ನೋಡಿಕೊಳ್ಳಲು ಕಟ್ಟಿದ್ದು. ಗೋಡೆಯಲ್ಲಿ ಫಿರಂಗಿಯ ಕಂಡಿಗಳಿವೆ. ಎದುರು ನಿಂತಾಗ ಕಂಡ ಆ ಗಟ್ಟಿತನ ಫೋಟೊದಲ್ಲಿ ಯಾಕೆ ಬರಲಿಲ್ಲ? ಹೆಚ್ಚಿನ ಸಲ ತಪ್ಪು ಮೊಬೈಲಿನದ್ದಲ್ಲ, ನಾವು ಹೋದ ಹೊತ್ತಿನದ್ದು.

ಮಂಗಳೂರಿನಲ್ಲಿ ಇದನ್ನು ಕಲಿಯಲು ಮೂರು ಜಾಗ ಸಾಕು. ಒಂದು ಈ ಬತ್ತೇರಿ. ಇನ್ನೊಂದು ಬಾವುಟಗುಡ್ಡೆಯ ಠಾಗೋರ್ ಪಾರ್ಕಿನೊಳಗಿನ ಹಳೆಯ ದೀಪಸ್ತಂಭ (ಲೈಟ್‌ಹೌಸ್). ಮೂರನೆಯದು ಪಿಲಿಕುಳ ನಿಸರ್ಗಧಾಮದ ಗುತ್ತಿನ ಮನೆ. ಅದು ಹಳೆಯ ಗುತ್ತಿನ ಮನೆಗಳ, ಅಂದರೆ ತುಳುನಾಡಿನ ಊರ ಮುಖ್ಯಸ್ಥರ ದೊಡ್ಡ ಮನೆಗಳ, ಮಾದರಿಯಲ್ಲಿ ಕಟ್ಟಿದ್ದು. ಮರದ ಕೆಲಸವನ್ನು ನಿಧಾನವಾಗಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಮೊದಲು ಬಿಸಿಲು ನೋಡಿ

ಮೊದಲ ಸಲ ಹೋದಾಗ ಮೊಬೈಲ್ ಕಿಸೆಯಲ್ಲೇ ಇರಲಿ. ಕಟ್ಟಡಕ್ಕೆ ಒಂದು ಸುತ್ತು ಹಾಕಿ. ಯಾವ ಗೋಡೆಗೆ ಯಾವಾಗ ಬಿಸಿಲು ಬೀಳುತ್ತದೆ ಎಂದು ಗಮನಿಸಿ. ಬತ್ತೇರಿಯ ಪಶ್ಚಿಮಕ್ಕೆ ನದಿ ಇದೆ. ಹಾಗಾಗಿ ನದಿ ಕಡೆಯ ಗೋಡೆಗೆ ಸಂಜೆ ಬೆಳಕು, ಊರಿನ ಕಡೆಯ ಗೋಡೆಗೆ ಬೆಳಗ್ಗಿನದ್ದು.

ಕಲ್ಲಿಗೆ ಬೇಕಾದದ್ದು ಓರೆಯಾಗಿ ಬೀಳುವ ಬಿಸಿಲು. ಸೂರ್ಯ ಗೋಡೆಗೆ ನೇರ ಎದುರು ಇದ್ದರೆ ನೆರಳೇ ಬೀಳುವುದಿಲ್ಲ, ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಪಕ್ಕದಿಂದ ಗೋಡೆಯನ್ನು ಸವರಿಕೊಂಡು ಹೋದಾಗ ಒಂದೊಂದು ಕಲ್ಲಿನ ಅಂಚು, ಸಂದು, ತೂತು ಎಲ್ಲ ಎದ್ದು ನಿಲ್ಲುತ್ತವೆ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮೊದಲಿನ ಒಂದು ಗಂಟೆ ಒಳ್ಳೆಯದು.

ನಮ್ಮ ಕರಾವಳಿಯ ಒಂದು ವಿಷಯ ಹೇಳಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಉತ್ತರದ ಗೋಡೆಗೆ ದಿನವಿಡೀ ನೆರಳು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಉಲ್ಟಾ. ಆಗ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಚಳಿಗಾಲದಲ್ಲಿ ಮಂಕಾಗಿ ಕಂಡ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ನೋಡಿ.

ಗೋಪುರ ಹಿಂದಕ್ಕೆ ಬೀಳಬಾರದು

ದೀಪಸ್ತಂಭದ ಬುಡದಲ್ಲಿ ನಿಂತು ಮೊಬೈಲ್ ಮೇಲಕ್ಕೆತ್ತಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಬರುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ಹಿಂದೆ ಬನ್ನಿ, ಪಾರ್ಕಿನ ಜಾಗ ಇರುವಷ್ಟೂ ಹಿಂದೆ ಬನ್ನಿ. ಮೊಬೈಲನ್ನು ನೇರವಾಗಿ, ನೆಲಕ್ಕೆ ಲಂಬವಾಗಿ ಹಿಡಿಯಿರಿ. ಸೆಟ್ಟಿಂಗ್ಸಿನಲ್ಲಿ ಗ್ರಿಡ್ ಆನ್ ಮಾಡಿಕೊಳ್ಳಿ. ಅದರ ನಿಂತ ಗೆರೆಗೆ ಕಟ್ಟಡದ ಅಂಚು ಹೊಂದಬೇಕು. 0.5 ಲೆನ್ಸ್ (ಅಗಲ ನೋಟದ್ದು) ಬೇಡ, ಅದು ಮೂಲೆಗಳನ್ನು ಎಳೆದು ಬಿಡುತ್ತದೆ. ದೂರದಿಂದ 2ಎಕ್ಸ್ ಜೂಮ್ ಹಾಕಿ. ಕೆಳಗೆ ಸುಮ್ನೆ ಜಾಸ್ತಿ ನೆಲ ಬಂದರೆ ಆಮೇಲೆ ಕತ್ತರಿಸಿದರಾಯಿತು.

ಆಕಾಶ ಬೆಳ್ಳಗೆ ಸುಟ್ಟುಹೋಗದಿರಲು ಪರದೆಯ ಮೇಲೆ ಆಕಾಶ ಮತ್ತು ಗೋಡೆ ಸೇರುವ ಜಾಗವನ್ನು ಒತ್ತಿ ಹಿಡಿಯಿರಿ. ಫೋಕಸ್ ಲಾಕ್ ಆಗುತ್ತದೆ. ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಗೋಡೆ ತುಸು ಕಪ್ಪಾದರೂ ಪರವಾಗಿಲ್ಲ, ಆಮೇಲೆ ಎತ್ತಬಹುದು. ಸುಟ್ಟ ಆಕಾಶವನ್ನು ಮಾತ್ರ ವಾಪಸ್ ತರಲು ಆಗುವುದಿಲ್ಲ.

ಇನ್ನು ಹತ್ತಿರ ಹೋಗಿ

ಪೂರ್ತಿ ಕಟ್ಟಡದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಒಂದು ಮೊಳ ದೂರದಿಂದ ತೆಗೆದದ್ದು ಯಾರ ಹತ್ತಿರವೂ ಇಲ್ಲ. ನಮ್ಮ ಕಡೆಯ ಮುರಕಲ್ಲನ್ನೇ (ಕೆಂಪು ಜಂಬಿಟ್ಟಿಗೆ ಕಲ್ಲು) ತೆಗೆದುಕೊಳ್ಳಿ. ಅಗೆದಾಗ ಮೆತ್ತಗೆ, ಗಾಳಿ ತಾಗಿದಂತೆ ಗಟ್ಟಿ. ಹಿಂದೆ ಅದನ್ನು ಕೈಯಲ್ಲೇ ಕಡಿದು ಕೆತ್ತುತ್ತಿದ್ದರು. ಹಳೆಯ ಗೋಡೆಯ ಒಂದು ಕಲ್ಲನ್ನು ಸಂಜೆ ಬಿಸಿಲಲ್ಲಿ ನೋಡಿ. ಮೇಲಿನಿಂದ ಕೆಳಗೆ ಓರೆಯಾಗಿ ಬಿದ್ದ ಕೊಡಲಿ ಏಟುಗಳು ಸಾಲಾಗಿ ಕಾಣುತ್ತವೆ. ಒಂದು ಏಟು ಆಳ, ಪಕ್ಕದ್ದು ಮೇಲುಮೇಲೆ. ನಡುವೆ ಹಳದಿ ಮಣ್ಣು ತುಂಬಿದ ತೂತುಗಳು, ಅದರೊಳಗೆ ಸಾಸಿವೆಯಷ್ಟು ಪಾಚಿ. ಇವತ್ತಿನ ಮಿಷನ್ ಕಲ್ಲಿನಲ್ಲಿ ಇರುವುದು ಗರಗಸದ ಗೆರೆ ಮಾತ್ರ. ಆ ಏಟುಗಳಲ್ಲಿ ಹೆಸರಿಲ್ಲದ ಒಬ್ಬ ಕೆಲಸಗಾರನ ಕೈ ಕಾಣುತ್ತದೆ. ನನಗೆ ಕೋಟೆಯ ಬಾಗಿಲಿನಷ್ಟೇ ದೊಡ್ಡದು ಅದು.

ಹಾಸುಗಲ್ಲಿನ ಮೇಲೆ ಅಕ್ಷರ ಕಂಡರೆ ಸುಣ್ಣ, ಚಾಕ್‌ಪೀಸ್ ಉಜ್ಜಬೇಡಿ. ನೀರು, ಎಣ್ಣೆ ಕೂಡ ಬೇಡ. ಗೆಳೆಯರ ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ಒರಗಿದಂತೆ ಹಿಡಿಸಿ. ಅಕ್ಷರದ ಗುಂಡಿಗೆ ನೆರಳು ತುಂಬಿ ಗೆರೆ ತಾನಾಗಿ ಏಳುತ್ತದೆ.

ಮರದ ದಾರಿ ಬೇರೆ

ಮರಕ್ಕೆ ಬಿಸಿಲು ಆಗುವುದಿಲ್ಲ. ಪಾಲಿಶ್ ಮಾಡಿದ ಕಂಬದ ಮೇಲೆ ಬಿಸಿಲು ಬಿದ್ದರೆ ಬಿಳಿ ಹೊಳಪು ಬಿಟ್ಟು ಬೇರೇನೂ ಬರುವುದಿಲ್ಲ. ಮರದ ಎಳೆ, ಗಂಟು, ಹಲಸಿನ ಆ ಕಂದು ಹಳದಿ ಬಣ್ಣ ಕಾಣುವುದು ನೆರಳಲ್ಲಿ, ಮೋಡದ ದಿನ. ಗುತ್ತಿನ ಮನೆಗೆ ಹೋಗುವುದಾದರೆ ಮೋಡ ಮುಸುಕಿದ ಬೆಳಗ್ಗೆ ಹೋಗಿ. ಸೋಮವಾರ ಪಿಲಿಕುಳಕ್ಕೆ ರಜೆ, ನೆನಪಿರಲಿ.

ಚಾವಡಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ನಿಲ್ಲಿ. ಹೊರಗಿನ ಬೆಳಕು ನಿಮ್ಮ ಹಿಂದಿನಿಂದ ಬಂದು ಕಂಬದ ಮೇಲೆ ಮೆಲ್ಲಗೆ ಬೀಳುತ್ತದೆ. ಫ್ಲಾಶ್ ಬೇಡವೇ ಬೇಡ, ಕೆತ್ತನೆಯ ನೆರಳನ್ನೆಲ್ಲ ಅದು ಅಳಿಸಿ ಹಾಕುತ್ತದೆ. ಕೈ ನಡುಗದಿರಲು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ, 2 ಸೆಕೆಂಡಿನ ಟೈಮರ್ ಇಡಿ. ಹೊಳಪು ಇನ್ನೂ ಕಾಡಿದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ. ಒಂದು ಕಡೆ ಹೊಳಪು ಇಳಿದು ಮರ ಕಾಣುತ್ತದೆ. ಮಳೆಗೆ ಒದ್ದೆಯಾದ ಕಲ್ಲಿಗೂ ಇದೇ ಉಪಾಯ.

ಆಮೇಲೆ ತಲೆ ಎತ್ತಿ. ಮುಚ್ಚಿಗೆ (ಮರದ ಹಲಗೆಯ ಒಳಚಾವಣಿ), ತೊಲೆ, ತೊಲೆ ಕಂಬಕ್ಕೆ ಕೂರುವ ಜಾಗ. ಒಂದು ಮರ ಇನ್ನೊಂದನ್ನು ಹೇಗೆ ಕಚ್ಚಿ ಹಿಡಿದಿದೆ ಎಂಬುದನ್ನು ಎರಡು ಕಡೆಯಿಂದ ತೆಗೆಯಿರಿ. ನಮ್ಮ ಅಜ್ಜಿ ಮನೆಯ ಮುಚ್ಚಿಗೆ ಇಳಿಸಿ ಕಾಂಕ್ರೀಟ್ ಹಾಕಿದಾಗ ನಾನು ಹಳೆ ಫೋಟೊಗಳನ್ನೆಲ್ಲ ಹುಡುಕಿದೆ. ಸಿಕ್ಕಿದ್ದು ಒಂದೇ, ಒಂದು ಮದುವೆಯದ್ದು. ಸಾಲಾಗಿ ನಿಂತ ನೆಂಟರ ಹಿಂದೆ ಅರ್ಧ ಕಂಬ. ಅದರ ಬೋದಿಗೆಯಲ್ಲಿ, ಅಂದರೆ ಕಂಬದ ತಲೆಯ ಕೆತ್ತನೆಯಲ್ಲಿ, ಗಿಳಿ ಇತ್ತಾ, ಹೂವಾ ಎಂದು ಮನೆಯಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಳೆಗಾಲದ ಮಾತು

ಜೂನಿನ ನಂತರ ಒದ್ದೆ ಮುರಕಲ್ಲಿನ ಕೆಂಪು, ಪಾಚಿಯ ಹಸಿರು ಎರಡೂ ಕಡುವಾಗುತ್ತವೆ. ಆಗ ಬಣ್ಣಕ್ಕಾಗಿ ತೆಗೆಯಿರಿ. ಎಸಿ ಕಾರಿನಿಂದ ಇಳಿದ ಕೂಡಲೇ ಮೊಬೈಲ್ ಹೊರಗೆ ತೆಗೆದರೆ ಲೆನ್ಸಿಗೆ ಮಂಜು ಹಿಡಿಯುತ್ತದೆ. ಚೀಲದೊಳಗೇ ಹತ್ತು ನಿಮಿಷ ಬಿಡಿ. ನದಿ, ಕಡಲಿನ ಹತ್ತಿರ ಲೆನ್ಸಿಗೆ ಉಪ್ಪಿನ ಪದರ ಕೂರುತ್ತದೆ, ಹತ್ತಿ ಬಟ್ಟೆಯಲ್ಲಿ ಒರೆಸುತ್ತಿರಿ. ಪಾಚಿ ಹಿಡಿದ ಮೆಟ್ಟಿಲು ಜಾರುತ್ತದೆ, ಪರದೆ ನೋಡುತ್ತಾ ಹಿಂದೆ ನಡೆಯಬೇಡಿ.

ಪುರಾತತ್ವ ಇಲಾಖೆಯ ಬೋರ್ಡ್ ಇದ್ದರೆ ನಿಂತು ಓದಿ. ಸಾಮಾನ್ಯವಾಗಿ ಕೈಯಲ್ಲಿ ಹಿಡಿದು ಫೋಟೊ ತೆಗೆಯಬಹುದು, ಟ್ರೈಪಾಡಿಗೆ ಅನುಮತಿ ಬೇಕು. ರಾಷ್ಟ್ರೀಯ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಹೆಸರು ಕೆತ್ತುವುದೂ ಹಾನಿಯೇ ಅಲ್ವಾ?

ಮನೆಗೆ ಬಂದ ಮೇಲೆ ಫೋಟೊಗಳಿಗೆ ಹೆಸರು ಕೊಡಿ: ಜಾಗ, ಯಾವ ದಿಕ್ಕಿನ ಗೋಡೆ, ತಾರೀಕು. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು ಅದೇ ಗೋಡೆಯನ್ನು ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಸಂದಿನಲ್ಲಿ ಹೊಸದಾಗಿ ಅಶ್ವತ್ಥದ ಸಸಿ ಬೇರು ಬಿಟ್ಟಿದೆ ಎಂದು ತಿಳಿಯುತ್ತದೆ. ಕಂಡರೆ ಅಲ್ಲಿನ ಕಾವಲುಗಾರರಿಗೆ ಆ ಎರಡು ಫೋಟೊಗಳನ್ನು ತೋರಿಸಿ.