ಲ್ಯಾಪ್‌ಟಾಪ್‌ಗೆ ಆಕಸ್ಮಿಕ ಹಾನಿಯ ರಕ್ಷಣೆ ಕೊಳ್ಳಬೇಕೇ? ಲೆಕ್ಕ ಹಾಕಿ ನಿರ್ಧರಿಸುವ ಬಗೆ

ಹೊಸ ಲ್ಯಾಪ್‌ಟಾಪ್ ಆರಿಸಿ ಹಣ ಕೊಡುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಬಿದ್ದರೆ, ಒಡೆದರೆ, ನೀರು ಚೆಲ್ಲಿದರೆ ರಿಪೇರಿ ಮಾಡಿಕೊಡುವ ರಕ್ಷಣೆಯನ್ನೂ ಸೇರಿಸಿಕೊಳ್ಳಬೇಕೇ? ಆ ಗಳಿಗೆಯಲ್ಲಿ ಹೆಚ್ಚಿನವರು ಲೆಕ್ಕ ಹಾಕುವುದಿಲ್ಲ. ಒಂದೋ ಭಯಪಟ್ಟು ಹೂಂ ಎನ್ನುತ್ತಾರೆ, ಇಲ್ಲವೇ ಖರ್ಚು ಇಷ್ಟಕ್ಕೇ ಮುಗಿಯಲಿ ಎಂದು ಬೇಡ ಎನ್ನುತ್ತಾರೆ. ಒಂದು ಸಣ್ಣ ಭಾಗಾಕಾರ ಮಾಡಿ, ಷರತ್ತುಪತ್ರದ ಕೆಲವು ಸಾಲುಗಳನ್ನು ಗಮನವಿಟ್ಟು ಓದಿದರೆ ಈ ನಿರ್ಧಾರವನ್ನು ತಿಳಿದುಕೊಂಡೇ ತೆಗೆದುಕೊಳ್ಳಬಹುದು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಜೊತೆಗೇ ಬರುವ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ ಅನ್ವಯಿಸುತ್ತದೆ. ಕೀಬೋರ್ಡಿನ ಕೀಲಿ ತಾನಾಗಿ ಕೆಟ್ಟರೆ, ಡಿಸ್‌ಪ್ಲೇಯಲ್ಲಿ ಕಾರಣವಿಲ್ಲದೆ ಗೆರೆ ಮೂಡಿದರೆ ಅದು ವಾರಂಟಿಯ ವಿಷಯ. ನಮ್ಮ ಕೈಜಾರಿ ಬಿದ್ದರೆ ಅಲ್ಲ. ಹಣ ಕೊಟ್ಟು ಪಡೆಯುವ ವಿಸ್ತರಿತ ವಾರಂಟಿಯೂ ಸಾಮಾನ್ಯವಾಗಿ ಇದೇ ರಕ್ಷಣೆಯನ್ನು ಇನ್ನೂ ಒಂದೆರಡು ವರ್ಷ ಮುಂದುವರಿಸುತ್ತದೆಯೇ ಹೊರತು ಬಿದ್ದು ಒಡೆದದ್ದನ್ನು ಒಳಗೊಳ್ಳುವುದಿಲ್ಲ. ಮೂರು ವರ್ಷದ ವಾರಂಟಿ ಇದೆಯೆಂದು ಧೈರ್ಯವಾಗಿದ್ದು, ಡಿಸ್‌ಪ್ಲೇ ಸೀಳಿದ ದಿನ ಸತ್ಯ ತಿಳಿದು ಕಂಗಾಲಾಗುವವರು ಕಡಿಮೆಯಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ‘ಆಕಸ್ಮಿಕ ಹಾನಿ’ ಎಂಬ ಮಾತು ಸ್ಪಷ್ಟವಾಗಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ.

ಮಾಡಬೇಕಾದ ಲೆಕ್ಕ

ರಕ್ಷಣೆಯ ಬೆಲೆಯಲ್ಲಿ ಎಲ್ಲ ಗ್ರಾಹಕರ ರಿಪೇರಿ ವೆಚ್ಚದ ಜೊತೆಗೆ ಆಡಳಿತದ ಖರ್ಚು ಮತ್ತು ಮಾರುವವರ ಲಾಭವೂ ಸೇರಿರುತ್ತದೆ. ಹಾಗಾಗಿ ಸರಾಸರಿ ಗ್ರಾಹಕನಿಗೆ ಇದರಿಂದ ಹಣದ ಲಾಭವಾಗುವುದು ಸಾಧ್ಯವಿಲ್ಲ. ಸರಾಸರಿಗಿಂತ ಹೆಚ್ಚು ಅಪಾಯದಲ್ಲಿ ಲ್ಯಾಪ್‌ಟಾಪ್ ಬಳಸುವವರಿಗೆ, ಅಥವಾ ಒಮ್ಮೆಗೇ ಬರುವ ದೊಡ್ಡ ಖರ್ಚನ್ನು ತಾಳಿಕೊಳ್ಳಲಾಗದವರಿಗೆ ಅದು ಸಾರ್ಥಕವಾಗುತ್ತದೆ. ನೀವು ಈ ಎರಡು ಗುಂಪುಗಳಲ್ಲಿ ಒಂದಕ್ಕೆ ಸೇರಿದ್ದೀರಾ ಎಂದು ಅಂಕಿಗಳಲ್ಲೇ ಕಂಡುಕೊಳ್ಳಬಹುದು.

ಅದಕ್ಕೆ ಮೂರು ಮೊತ್ತಗಳು ಬೇಕು: ರಕ್ಷಣೆಯ ಒಟ್ಟು ಬೆಲೆ, ಪ್ರತಿ ಕ್ಲೇಮ್‌ಗೆ ನೀವು ಕೈಯಿಂದ ಕೊಡಬೇಕಾದ ಪಾಲು, ಮತ್ತು ರಕ್ಷಣೆ ಇಲ್ಲದಿದ್ದರೆ ಆಗುವ ರಿಪೇರಿ ಖರ್ಚು. ಕೊನೆಯದನ್ನು ಊಹಿಸಬೇಡಿ. ನೀವು ಕೊಳ್ಳಲಿರುವ ಮಾದರಿಯ ಸಂಖ್ಯೆಯನ್ನು ಹೇಳಿ, ಡಿಸ್‌ಪ್ಲೇ ಬದಲಿಸಲು ಎಷ್ಟು, ಮದರ್‌ಬೋರ್ಡ್ (ಒಳಗಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕ) ಬದಲಿಸಲು ಎಷ್ಟು ಎಂದು ಸರ್ವಿಸ್ ಸೆಂಟರ್‌ನಲ್ಲೇ ಕೇಳಿ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಈ ಖರ್ಚು ಬಹಳ ಬೇರೆಯಾಗಿರುತ್ತದೆ.

ಉದಾಹರಣೆಗೆ ಲ್ಯಾಪ್‌ಟಾಪಿನ ಬೆಲೆ 100 ಎಂದು ಇಟ್ಟುಕೊಳ್ಳೋಣ. ಮೂರು ವರ್ಷದ ರಕ್ಷಣೆಗೆ 12, ಪ್ರತಿ ಕ್ಲೇಮ್‌ಗೆ ನಿಮ್ಮ ಪಾಲು 5, ಡಿಸ್‌ಪ್ಲೇ ಬದಲಿಸಲು 30, ಮದರ್‌ಬೋರ್ಡಿಗೆ 70 ಎಂದಿರಲಿ. ಇವು ಲೆಕ್ಕದ ದಾರಿ ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು. ಇವುಗಳ ಜಾಗದಲ್ಲಿ ನಿಮಗೆ ಸಿಕ್ಕ ಅಂಕಿಗಳನ್ನು ಹಾಕಿಕೊಳ್ಳಿ. ಡಿಸ್‌ಪ್ಲೇ ಒಡೆದರೆ ರಕ್ಷಣೆಯಿಂದ ಉಳಿಯುವುದು 30ರಲ್ಲಿ 5 ಕಳೆದು 25. ಕೊಟ್ಟ 12ನ್ನು ಈ 25ರಿಂದ ಭಾಗಿಸಿದರೆ 0.48 ಬರುತ್ತದೆ. ಅಂದರೆ ಡಿಸ್‌ಪ್ಲೇಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ರಕ್ಷಣೆ ಕೊಳ್ಳುವುದಾದರೆ, ಮೂರು ವರ್ಷದೊಳಗೆ ಅದು ಒಡೆಯುವ ಸಾಧ್ಯತೆ ಶೇಕಡಾ 48ರಷ್ಟಾದರೂ ಇದ್ದಾಗ ಮಾತ್ರ ಹಣ ಸರಿಹೋಗುತ್ತದೆ. ಮದರ್‌ಬೋರ್ಡಿನ ವಿಷಯದಲ್ಲಿ ಉಳಿಯುವುದು 65. 12ನ್ನು 65ರಿಂದ ಭಾಗಿಸಿದರೆ ಸುಮಾರು ಶೇಕಡಾ 18. ಸಣ್ಣ ರಿಪೇರಿಗಳಿಗಾಗಿ ಈ ರಕ್ಷಣೆ ಕೊಳ್ಳುವುದು ದುಬಾರಿ, ದೊಡ್ಡ ಹೊಡೆತಕ್ಕಾಗಿ ಕೊಳ್ಳುವುದು ಅಷ್ಟು ದುಬಾರಿಯಲ್ಲ ಎಂಬುದು ಇದರಿಂದ ಕಾಣುತ್ತದೆ.

ನಿಜವಾಗಿ ಎರಡೂ ಅಪಾಯಗಳು ಒಟ್ಟಿಗೇ ಇರುವುದರಿಂದ ಕೂಡಿ ನೋಡಬೇಕು. ಡಿಸ್‌ಪ್ಲೇ ಒಡೆಯುವ ಸಾಧ್ಯತೆ ಶೇಕಡಾ 20, ಮದರ್‌ಬೋರ್ಡ್ ಹೋಗುವ ಸಾಧ್ಯತೆ ಶೇಕಡಾ 8 ಎಂದು ನಿಮಗೆ ಅನ್ನಿಸಿದರೆ, ನಿರೀಕ್ಷಿತ ಉಳಿತಾಯ 25ರ ಶೇಕಡಾ 20 ಆದ 5 ಮತ್ತು 65ರ ಶೇಕಡಾ 8 ಆದ 5.2 ಸೇರಿ 10.2, ಇದು 12ಕ್ಕಿಂತ ಕಡಿಮೆ. ಅವೇ ಸಾಧ್ಯತೆಗಳು 30 ಮತ್ತು 10 ಆದರೆ 7.5 ಮತ್ತು 6.5 ಸೇರಿ 14 ಆಗುತ್ತದೆ, ಆಗ ರಕ್ಷಣೆ ಮೇಲು. ಅಂದಾಜು ಸ್ವಲ್ಪ ಆಚೀಚೆಯಾದರೂ ಉತ್ತರ ತಿರುಗಿಬೀಳುತ್ತದೆ. ಆದ್ದರಿಂದ ಕಡಿಮೆ ಅಂದಾಜೊಂದು, ಹೆಚ್ಚಿನ ಅಂದಾಜೊಂದು ಇಟ್ಟುಕೊಂಡು ಎರಡು ಸಲ ಲೆಕ್ಕ ಹಾಕಿ. ಎರಡೂ ಸಲ ಒಂದೇ ಉತ್ತರ ಬಂದರೆ ನಿರ್ಧಾರ ಸುಲಭ. ಬೇರೆಬೇರೆ ಬಂದರೆ, ಆ ದೊಡ್ಡ ಖರ್ಚು ಒಮ್ಮೆಗೇ ಬಂದಾಗ ನಿಮ್ಮಿಂದ ತಾಳಿಕೊಳ್ಳಲು ಆಗುತ್ತದೆಯೇ ಎಂಬ ಪ್ರಶ್ನೆಯೇ ತೀರ್ಮಾನಿಸಲಿ.

ಈ ಲೆಕ್ಕದಲ್ಲಿ ಬಹುತೇಕರು ಮರೆಯುವ ಒಂದು ಅಂಶ ಸವಕಳಿ. ಮೂರನೆಯ ವರ್ಷದಲ್ಲಿ ನಿಮ್ಮ ಲ್ಯಾಪ್‌ಟಾಪ್ 40ಕ್ಕಷ್ಟೇ ಮಾರಾಟವಾಗುವ ಸ್ಥಿತಿಗೆ ಬಂದಿದ್ದರೆ, 70 ಕೊಟ್ಟು ಮದರ್‌ಬೋರ್ಡ್ ಹಾಕಿಸಲು ಯಾರೂ ಮುಂದಾಗುವುದಿಲ್ಲ. ಅದೇ ಹಣಕ್ಕೆ ಹೊಸದನ್ನು ನೋಡುತ್ತಾರೆ. ಆದ್ದರಿಂದ ರಿಪೇರಿ ಖರ್ಚು ಮತ್ತು ಆ ಹೊತ್ತಿನ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ನಿಜವಾದ ನಷ್ಟ. ರಕ್ಷಣೆಯಿಂದ ಹೆಚ್ಚು ಪ್ರಯೋಜನ ಇರುವುದು ಮೊದಲ ವರ್ಷದಲ್ಲಿ. ಮೂರನೆಯ ವರ್ಷಕ್ಕೆ ಅಷ್ಟೇ ಹಣ ಕೇಳಿದರೆ ನಾನಂತೂ ಕೊಡಲು ಹಿಂಜರಿಯುತ್ತೇನೆ.

ಯಾವುದು ಒಡೆಯುತ್ತದೆ, ಏಕೆ ದುಬಾರಿ

ಲ್ಯಾಪ್‌ಟಾಪ್ ಎಂದರೆ ಎತ್ತರದಿಂದ ಬಿದ್ದೇ ಒಡೆಯಬೇಕೆಂದಿಲ್ಲ. ನನ್ನದು ಮೇಜಿನ ಮೇಲೆ ಇದ್ದಲ್ಲೇ ಒಡೆಯಿತು. ಕೆಲಸ ಮುಗಿಸಿ ಮುಚ್ಚಳ ಹಾಕುವಾಗ ಇಯರ್‌ಫೋನಿನ ಒಂದು ತುಣುಕು ಕೀಬೋರ್ಡಿನ ಅಂಚಿನಲ್ಲಿ ಉಳಿದಿತ್ತು. ಮುಚ್ಚಳ ಕೊನೆಯ ಒಂದು ಬೆರಳಿನಷ್ಟು ಜಾಗದಲ್ಲಿ ತಡೆದಂತಾಯಿತು, ನಾನು ಗಮನಿಸದೆ ಒತ್ತಿದೆ, ಸಣ್ಣದೊಂದು ಚಿಟ್ ಸದ್ದು ಕೇಳಿಸಿತು. ತೆರೆದು ನೋಡಿದರೆ ಡಿಸ್‌ಪ್ಲೇಯ ಕೆಳ ಅಂಚಿನಿಂದ ಜೇಡರಬಲೆಯಂತೆ ಸೀಳು ಹರಡಿತ್ತು, ಅದರ ಸುತ್ತ ಕಪ್ಪು ಮಸಿ ಚೆಲ್ಲಿದಂಥ ಕಲೆ. ಚಾರ್ಜರಿನ ವೈರಿಗೆ ಕಾಲು ಸಿಕ್ಕಿ ಲ್ಯಾಪ್‌ಟಾಪ್ ಮೇಜಿನಿಂದ ಜಾರುವುದು, ಒಂದೇ ಮೂಲೆ ಹಿಡಿದು ಎತ್ತುವುದು, ತುಂಬಿದ ಚೀಲವನ್ನು ನೆಲಕ್ಕೆ ಕುಕ್ಕುವುದು, ಕೀಬೋರ್ಡಿನ ಪಕ್ಕದಲ್ಲಿಟ್ಟ ಲೋಟ ಉರುಳುವುದು: ಬಹುಪಾಲು ಹಾನಿ ಇಂಥ ದಿನನಿತ್ಯದ ಗಳಿಗೆಗಳಲ್ಲೇ ಆಗುತ್ತದೆ.

ರಿಪೇರಿ ಇಷ್ಟು ದುಬಾರಿಯಾಗಲು ಒಳಗಿನ ರಚನೆಯೇ ಕಾರಣ. ತೆಳ್ಳಗಿನ ಅನೇಕ ಮಾದರಿಗಳಲ್ಲಿ ಮೆಮೊರಿಯನ್ನು, ಕೆಲವದರಲ್ಲಿ ಸ್ಟೋರೇಜನ್ನೂ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ನೀರು ಒಂದು ಕಡೆ ತಾಗಿದರೂ ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಟಚ್ ಡಿಸ್‌ಪ್ಲೇಗಳಲ್ಲಿ ಸಾಮಾನ್ಯವಾಗಿ ಗಾಜು ಮತ್ತು ಪ್ಯಾನೆಲ್ ಅಂಟಿಕೊಂಡಿರುವುದರಿಂದ ಗಾಜೊಂದನ್ನೇ ಬದಲಿಸಲು ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ ಫ್ರೇಮ್‌ವರ್ಕ್‌ನಂಥ ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವವರೇ ಡಿಸ್‌ಪ್ಲೇ, ಕೀಬೋರ್ಡ್ ಬಿಚ್ಚಿ ಬದಲಿಸಬಹುದು, ಬಿಡಿಭಾಗಗಳೂ ನೇರವಾಗಿ ಮಾರಾಟಕ್ಕಿವೆ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡಿನ ಹಲವು ಮಾದರಿಗಳಲ್ಲಿ ಕೀಬೋರ್ಡಿನ ಮೇಲೆ ಚೆಲ್ಲಿದ ನೀರು ಅಡಿಯ ರಂಧ್ರಗಳಿಂದ ಹರಿದುಹೋಗುವ ವ್ಯವಸ್ಥೆ ಇದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ರಕ್ಷಣೆಯ ಅಗತ್ಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ಜಾಹೀರಾತಿನಲ್ಲಿ ಕಾಣುವ ‘ಮಿಲ್-ಎಸ್‌ಟಿಡಿ-810’ ಎಂಬ ಮುದ್ರೆಯ ಬಗ್ಗೆ ಒಂದು ಮಾತು. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಗ್ರಹ. ಅದರಲ್ಲಿ ಯಾವ ಪರೀಕ್ಷೆಗಳನ್ನು ಮಾಡಿಸಬೇಕೆಂದು ಆರಿಸಿಕೊಳ್ಳುವುದು ತಯಾರಕರೇ. ಗಟ್ಟಿತನದ ಸೂಚನೆಯಾಗಿ ಅದನ್ನು ನೋಡಬಹುದು, ಆದರೆ ಬಿದ್ದು ಒಡೆದರೆ ಆ ಮುದ್ರೆಯ ಆಧಾರದ ಮೇಲೆ ಪುಕ್ಕಟೆ ರಿಪೇರಿ ಸಿಗುವುದಿಲ್ಲ.

ನಿಮ್ಮ ಅಪಾಯವನ್ನು ಅಂದಾಜು ಮಾಡುವಾಗ ಹಿಂದಿನ ಚರಿತ್ರೆಯನ್ನೇ ನೋಡಿ. ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಫೋನು, ಲ್ಯಾಪ್‌ಟಾಪ್ ಒಡೆದಿವೆ? ದಿನವೂ ಚೀಲದಲ್ಲಿ ಹೊತ್ತು ಓಡಾಡುತ್ತೀರೋ, ಮೇಜು ಬಿಟ್ಟು ಕದಲಿಸುವುದೇ ಇಲ್ಲವೋ? ಮನೆಯಲ್ಲಿ ಪುಟ್ಟ ಮಕ್ಕಳು ಅಥವಾ ಮೇಜು ಹತ್ತುವ ಬೆಕ್ಕು ಇದೆಯೇ? ‘ಇನ್ನು ಮೇಲೆ ಜೋಪಾನವಾಗಿರುತ್ತೇನೆ’ ಎಂಬ ಸಂಕಲ್ಪವನ್ನು ಲೆಕ್ಕಕ್ಕೆ ಸೇರಿಸಬೇಡಿ.

ಷರತ್ತುಪತ್ರದಲ್ಲಿ ಓದಬೇಕಾದದ್ದು

ಕಳವು, ಕಳೆದುಹೋಗುವುದು, ಗೀರು ಮತ್ತು ತಗ್ಗಿನಂಥ ಮೇಲ್ಮೈ ಹಾನಿ, ಬಳಸಿ ಸವೆದದ್ದು, ಬ್ಯಾಟರಿಯ ಶಕ್ತಿ ಕುಂದುವುದು, ಒಳಗಿನ ಡೇಟಾ: ಇವು ಸಾಮಾನ್ಯವಾಗಿ ರಕ್ಷಣೆಯ ಹೊರಗೆ ಉಳಿಯುತ್ತವೆ. ಕಳವಿನ ಭಯವೇ ನಿಮಗೆ ದೊಡ್ಡದಾಗಿದ್ದರೆ ನೀವು ನೋಡಬೇಕಾದದ್ದು ಬೇರೆ ವಿಮೆ.

ನಂತರ ಮಿತಿಗಳು. ವರ್ಷಕ್ಕೆ ಎಷ್ಟು ಕ್ಲೇಮ್ ಮಾಡಬಹುದು? ಒಂದೇ ಎಂದಿದ್ದರೆ, ಡಿಸ್‌ಪ್ಲೇಗೆ ಅದನ್ನು ಬಳಸಿದ ಮೇಲೆ ಅದೇ ವರ್ಷ ನೀರು ಚೆಲ್ಲಿದರೆ ಖರ್ಚು ನಿಮ್ಮದೇ. ನಿಮ್ಮ ಪಾಲು ನಿಗದಿತ ಮೊತ್ತವೋ, ಹಾನಿಗೆ ತಕ್ಕಂತೆ ಬದಲಾಗುತ್ತದೆಯೋ? ಆಪಲ್ ಕಂಪನಿಯೇ ಮಾರುವ ಆಪಲ್‌ಕೇರ್ ಪ್ಲಸ್ ಎಂಬ ರಕ್ಷಣೆಯಲ್ಲಿ ಅದರ ಲ್ಯಾಪ್‌ಟಾಪ್ ಮ್ಯಾಕ್‌ಬುಕ್‌ನ ಪರದೆ ಅಥವಾ ಹೊರಕವಚದ ಹಾನಿಗೆ ಒಂದು ಶುಲ್ಕವಿದ್ದರೆ, ಉಳಿದ ಹಾನಿಗೆ ಅದಕ್ಕಿಂತ ಹೆಚ್ಚಿನ ಇನ್ನೊಂದು ಶುಲ್ಕವಿದೆ. ಮೇಲಿನ ಲೆಕ್ಕದಲ್ಲಿ ಎರಡನ್ನೂ ಬೇರೆಬೇರೆ ಹಾಕಿಕೊಳ್ಳಬೇಕು. ಪರಿಹಾರದ ಗರಿಷ್ಠ ಮಿತಿ ಕೊಂಡ ಬೆಲೆಯೋ, ಸವಕಳಿ ಕಳೆದ ಬೆಲೆಯೋ ಎಂಬುದು ಇನ್ನೂ ಮುಖ್ಯ. ಎರಡನೆಯದಾದರೆ ಕೊನೆಯ ವರ್ಷದಲ್ಲಿ ಸಿಗುವುದು ಅಲ್ಪವೇ. ರಿಪೇರಿ ಸಾಧ್ಯವಾಗದೆ ಬದಲಿ ಲ್ಯಾಪ್‌ಟಾಪ್ ಕೊಟ್ಟಾಗ ರಕ್ಷಣೆ ಅಲ್ಲಿಗೇ ಮುಗಿಯುತ್ತದೆಯೇ ಎಂಬುದನ್ನೂ ನೋಡಿ.

ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ, ಅಷ್ಟು ದಿನಕ್ಕೆ ತಾತ್ಕಾಲಿಕವಾಗಿ ಬೇರೊಂದು ಲ್ಯಾಪ್‌ಟಾಪ್ ಕೊಡುತ್ತಾರೆಯೇ ಎಂದು ಕೇಳಿ. ದಿನದ ಸಂಪಾದನೆ ಲ್ಯಾಪ್‌ಟಾಪನ್ನೇ ನೆಚ್ಚಿಕೊಂಡಿರುವವರಿಗೆ ರಿಪೇರಿ ಬಿಲ್ಲಿಗಿಂತ ಈ ಕಾಯುವಿಕೆಯೇ ಹೆಚ್ಚು ನಷ್ಟ ತರಬಹುದು. ಅಂಥವರಿಗೆ ಮನೆಗೇ ಬಂದು ಸರಿಪಡಿಸುವ ಸೌಲಭ್ಯವಿರುವ ರಕ್ಷಣೆ ಸ್ವಲ್ಪ ದುಬಾರಿಯಾದರೂ ಕೊಳ್ಳತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಈಗಾಗಲೇ ಇರುವ ರಕ್ಷಣೆಯನ್ನೂ ಪರಿಶೀಲಿಸಿ. ಕೆಲವು ಕ್ರೆಡಿಟ್ ಕಾರ್ಡುಗಳು ಕೊಂಡ ವಸ್ತುವಿನ ಹಾನಿಗೆ ಮೊದಲ ಕೆಲವು ವಾರ ಅಥವಾ ತಿಂಗಳು ಪರಿಹಾರ ಕೊಡುತ್ತವೆ; ಮನೆವಸ್ತುಗಳ ವಿಮೆಯಲ್ಲಿ ಲ್ಯಾಪ್‌ಟಾಪ್ ಸೇರಿರುವುದೂ ಉಂಟು. ಕಚೇರಿಯೇ ಕೊಟ್ಟ ಲ್ಯಾಪ್‌ಟಾಪ್ ಆದರೆ ಹೊಣೆ ಯಾರದೆಂದು ಮೊದಲು ಕೇಳಿ ತಿಳಿದುಕೊಳ್ಳಿ.

ಕೊಂಡರೆ ಮಾಡಬೇಕಾದದ್ದು, ಕೊಳ್ಳದಿದ್ದರೆ ಮಾಡಬೇಕಾದದ್ದು

ಕೊಂಡಿದ್ದರೆ ಅದೇ ದಿನ ಕ್ರಮಸಂಖ್ಯೆಯೊಂದಿಗೆ ನೋಂದಾಯಿಸಿ, ಬಿಲ್ಲನ್ನೂ ಷರತ್ತುಪತ್ರವನ್ನೂ ಲ್ಯಾಪ್‌ಟಾಪಿನ ಹೊರಗೆ ಎಲ್ಲಾದರೂ ಉಳಿಸಿಡಿ. ಹಾನಿಯಾದಾಗ ನಡೆದದ್ದನ್ನು ನಡೆದ ಹಾಗೆಯೇ ಹೇಳಿ. ಅನೇಕ ಲ್ಯಾಪ್‌ಟಾಪ್‌ಗಳೊಳಗೆ ದ್ರವ ತಾಗಿದರೆ ಬಣ್ಣ ಬದಲಾಗುವ ಸಣ್ಣ ಚೀಟಿಗಳಿರುತ್ತವೆ. ಬಿಳಿಯ ಚೀಟಿ ಕೆಂಪಾಗಿದ್ದನ್ನು ಕಂಡ ತಂತ್ರಜ್ಞರು, ‘ತಾನಾಗಿಯೇ ಕೆಟ್ಟಿತು’ ಎಂಬ ಮಾತನ್ನು ಒಪ್ಪುವುದಿಲ್ಲ. ಅನಧಿಕೃತ ಕಡೆ ಬಿಚ್ಚಿಸಿದರೆ ಕ್ಲೇಮ್ ತಿರಸ್ಕೃತವಾಗುವ ಸಾಧ್ಯತೆ ಇರುವುದರಿಂದ ಮೊದಲು ಅಧಿಕೃತ ಸೆಂಟರಿಗೇ ಹೋಗಿ. ರಿಪೇರಿಯಾಗಿ ಬರುವಾಗ ಸ್ಟೋರೇಜ್ ಖಾಲಿಯಾಗಿರಬಹುದು, ಹಾಗಾಗಿ ಬ್ಯಾಕಪ್ ಇಲ್ಲದೆ ಈ ರಕ್ಷಣೆ ಅರ್ಧ ರಕ್ಷಣೆಯೇ.

ರಕ್ಷಣೆ ಇರಲಿ, ಇಲ್ಲದಿರಲಿ, ಕೀಬೋರ್ಡಿನ ಮೇಲೆ ದ್ರವ ಚೆಲ್ಲಿದರೆ ತಕ್ಷಣ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆರಿಸಿ, ತೆರೆದ ಸ್ಥಿತಿಯಲ್ಲೇ ಗುಡಾರದಂತೆ ಬೋರಲಾಗಿ ನಿಲ್ಲಿಸಿ. ‘ಕೆಲಸ ಮಾಡುತ್ತದೆಯೇ ನೋಡೋಣ’ ಎಂದು ಆನ್ ಮಾಡುವುದೇ ಅನೇಕ ಬೋರ್ಡುಗಳನ್ನು ಸುಡುತ್ತದೆ. ಸಕ್ಕರೆ ಬೆರೆತ ಪಾನೀಯ ಒಣಗಿದ ಮೇಲೂ ಅಂಟಾಗಿ ಉಳಿದು ಲೋಹವನ್ನು ತಿನ್ನುತ್ತಾ ಹೋಗುವುದರಿಂದ, ಮೇಲೆ ಒಣಗಿದೆ ಎಂದು ಸುಮ್ಮನಾಗದೆ ಬಿಚ್ಚಿ ಶುಚಿ ಮಾಡಿಸಬೇಕು. ಅಕ್ಕಿಯೊಳಗೆ ಹೂತಿಡುವುದರಿಂದ ಒಳಗಿನ ತೇವ ಹೋಗುವುದಿಲ್ಲ, ಧೂಳು ಮಾತ್ರ ಸೇರುತ್ತದೆ.

ಕೊಳ್ಳದಿರಲು ನಿರ್ಧರಿಸಿದರೆ, ರಕ್ಷಣೆಗೆ ಕೊಡಬೇಕಾಗಿದ್ದ ಹಣವನ್ನು ಅಂದೇ ಬೇರೆ ಖಾತೆಗೆ ಹಾಕಿ, ಲ್ಯಾಪ್‌ಟಾಪಿನ ರಿಪೇರಿಗೇ ಮೀಸಲಿಡಿ. ಮೇಲಿನ ಉದಾಹರಣೆಯಲ್ಲಿ ಆ 12 ಒಂದು ಡಿಸ್‌ಪ್ಲೇಯ ಖರ್ಚಿನ ಐದರಲ್ಲಿ ಎರಡು ಪಾಲನ್ನು ಭರಿಸುತ್ತದೆ, ಏನೂ ಆಗದಿದ್ದರೆ ಪೂರ್ತಿ ನಿಮ್ಮಲ್ಲೇ ಉಳಿಯುತ್ತದೆ. ನಿರ್ಧಾರಕ್ಕೆ ಇನ್ನೂ ಸಮಯ ಬೇಕೆನಿಸಿದರೆ, ಕೊಂಡ ಮೇಲೆ ಎಷ್ಟು ದಿನಗಳವರೆಗೆ ರಕ್ಷಣೆ ಸೇರಿಸಬಹುದು ಎಂದು ಕೇಳಿಕೊಳ್ಳಿ. ಅನೇಕ ಕಂಪನಿಗಳಲ್ಲಿ ಅದಕ್ಕೆ ಸ್ವಲ್ಪ ಕಾಲಾವಕಾಶ ಇರುತ್ತದೆ. ತಿಂಗಳ ಕಂತಿನಲ್ಲಿ ಸಿಗುವ ರಕ್ಷಣೆಯಾದರೆ ಮೊದಲ ವರ್ಷ ಕಟ್ಟಿ, ವರ್ಷ ತುಂಬುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಅಂದು ಲ್ಯಾಪ್‌ಟಾಪಿನ ಆಗಿನ ಮೌಲ್ಯವನ್ನು ಹಾಕಿ ಇದೇ ಭಾಗಾಕಾರವನ್ನು ಮತ್ತೊಮ್ಮೆ ಮಾಡಿ.