ಶಾಲೆಯ ಕೈತೋಟ: ಜೂನ್‌ನಲ್ಲಿ ಬೀಜ ಬೇಡ, ಗೊಬ್ಬರ ಮಾಡಿ

ನಮ್ಮ ಶಾಲೆ ತೋಟದ ಮೊದಲ ವರ್ಷದ ಕಥೆ ಇಷ್ಟೇ. ಜೂನ್ 5, ಪರಿಸರ ದಿನ ಅಂತ ಹುರುಪಿನಲ್ಲಿ ಹರಿವೆ, ಮೂಲಂಗಿ ಬೀಜ ಹಾಕಿದೆವು. ಆಮೇಲೆ ತೀರ್ಥಹಳ್ಳಿ ಕಡೆ ಮಳೆ ಹಿಡೀತು ನೋಡಿ, ಒಂದೇ ರಾತ್ರಿಗೆ ಮಡಿ ಸಮೇತ ಎಲ್ಲಾ ತೊಳೆದುಕೊಂಡು ಹೋಯಿತು. ಹತ್ತು ದಿನ ಬಿಟ್ಟು ನೋಡಿದರೆ ಮೈದಾನದ ಆಚೆ ತುದಿ, ಚರಂಡಿ ಪಕ್ಕದಲ್ಲಿ ನಮ್ಮ ಹರಿವೆ ಸೊಂಪಾಗಿ ಹುಟ್ಟಿತ್ತು!

ಹಾಗಾಗಿ ಮಲೆನಾಡಿನ ಮಕ್ಕಳಿಗೆ ನಾನು ಮೊದಲು ಹೇಳೋದು ಕ್ಯಾಲೆಂಡರ್ ಬಗ್ಗೆ. ಬಯಲುಸೀಮೆಯವರ ವಿಡಿಯೋ ನೋಡಿ ಶುರು ಮಾಡಬೇಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರ ಮಾಡುವ ಕಾಲ. ತರಕಾರಿ ಬೀಜ ಹಾಕೋದು ದಸರಾ ರಜೆ ಮುಗಿಸಿ ಬಂದ ಮೇಲೆ.

ಗೊಬ್ಬರಕ್ಕೆ ಗುಂಡಿ ತೋಡಬೇಡಿ. ಮಳೆಗಾಲದಲ್ಲಿ ಅದು ಬಾವಿಯಾಗುತ್ತದೆ, ನಾತ ಬೇರೆ. ನೆಲದ ಮೇಲೆಯೇ ನಾಲ್ಕು ಗೂಟ ನೆಟ್ಟು, ಸುತ್ತ ಅಡಿಕೆ ದಬ್ಬೆ ಕಟ್ಟಿ, ಮೇಲೆ ಸೋಗೆ ಹೊದಿಸಿ. ಒಳಗೆ ಒಂದು ಪದರ ಒಣಗಿದ್ದು, ಒಂದು ಪದರ ಹಸಿಯದ್ದು, ಮೇಲೆ ಸ್ವಲ್ಪ ಸಗಣಿ ನೀರು. ಒಣಗಿದ್ದು ಯಾವಾಗಲೂ ಜಾಸ್ತಿ ಇರಲಿ, ಹಸಿಯದ್ದರ ಎರಡರಷ್ಟಾದರೂ. ಹಸಿಗೆ ಕಳೆ ಇದೆ, ಬೇಲಿಯ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪಿದೆ, ಬಿಸಿಯೂಟದ ಅಡುಗೆಮನೆಯ ತರಕಾರಿ ಸಿಪ್ಪೆ ಇದೆ. ಉಳಿದ ಅನ್ನ, ಸಾಂಬಾರ್ ಮಾತ್ರ ಹಾಕಬೇಡಿ, ಇಲಿ ಮತ್ತು ನಾಯಿಗೆ ಊಟಕ್ಕೆ ಕರೆದ ಹಾಗಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಗುಚಿ. ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಅಷ್ಟೇ. ನೀರು ಸುರಿದರೆ ಇನ್ನಷ್ಟು ಒಣಗಿದ್ದು ಸೇರಿಸಿ. ಮೂರು, ಹೆಚ್ಚೆಂದರೆ ನಾಲ್ಕು ತಿಂಗಳಿಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಗೊಬ್ಬರ ಸಿಗುತ್ತದೆ.

ಈ ಒಣಗಿದ್ದು ಎಲ್ಲಿಂದ ತರೋದು ಅನ್ನುವಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಬೇಸಿಗೆಯಲ್ಲಿ ತರಗೆಲೆ ಗುಡಿಸಲು ಮಕ್ಕಳು ಕಾಡಿಗೆ ಹೋಗಲೇಬಾರದು. ಮಂಗನ ಕಾಯಿಲೆ ಹರಡುವ ಉಣುಗು ಇರೋದೇ ಆ ತರಗೆಲೆಯಲ್ಲಿ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮೇಷ್ಟ್ರಿಗೆ ಹೇಳಿ. ಶಾಲೆ ಅಂಗಳದ ಕಸ, ಮನೆಯಲ್ಲಿ ಬಿದ್ದಿರುವ ಹಳೇ ಅಡಿಕೆ ಸಿಪ್ಪೆ, ಒಣ ಬಾಳೆ ಎಲೆ ಸಾಕು. ಒಬ್ಬೊಬ್ಬರು ಒಂದು ಚೀಲ ತಂದರೆ ರಾಶಿಯಾಗುತ್ತದೆ.

ಮಡಿ ಎಷ್ಟಿರಬೇಕು? ಮೂರು ಅಡಿ ಅಗಲ, ಯಾಕೆಂದರೆ ಐದನೇ ಕ್ಲಾಸಿನ ಮಗು ಕಾಲಿಡದೆ ಎರಡೂ ಕಡೆಯಿಂದ ನಡುವಿಗೆ ಕೈ ಹಾಕುವಂತಿರಬೇಕು. ಉದ್ದ ಹತ್ತು ಅಡಿ. ಅಂಥವು ನಾಲ್ಕು ಸಾಕು, ಮೊದಲ ವರ್ಷಕ್ಕೆ ಅದೇ ಜಾಸ್ತಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ, ಕೈ ತೊಳೆಯುವ ನಲ್ಲಿಗೆ ಹತ್ತಿರ ಮಾಡಿ. ಆ ತೊಳೆದ ನೀರು ಬಾಳೆ, ಕೆಸುವಿನ ಬುಡಕ್ಕೆ ಹೋಗಲಿ, ಸೊಪ್ಪಿನ ಮಡಿಗೆ ಬೇಡ.

ನಮ್ಮ ಮಣ್ಣು ಹೆಚ್ಚಿನ ಕಡೆ ಹುಳಿ ಮಣ್ಣು, ಮಳೆಗೆ ಸತ್ವ ಇಳಿದುಹೋಗಿರುತ್ತದೆ. ಅರ್ಧ ಅಡಿ ಆಳದಿಂದ ನಾಲ್ಕೈದು ಕಡೆಯ ಮಣ್ಣು ಬೆರೆಸಿ, ಅರ್ಧ ಕೆಜಿ ತೆಗೆದು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪರೀಕ್ಷೆಗೆ ವಿಚಾರಿಸಿ. ಸುಣ್ಣ ಎಷ್ಟು ಹಾಕಬೇಕೆಂದು ಆ ವರದಿ ನೋಡಿಯೇ ತೀರ್ಮಾನಿಸಿ, ಸುಮ್ನೆ ಎರಚಬೇಡಿ.

ಬೆಳೆಯಲ್ಲಿ ಆಸೆ ಬೇಡ. ಹರಿವೆ ತಿಂಗಳೊಳಗೆ ಕೀಳಬಹುದು, ಮೂಲಂಗಿ ಒಂದೂವರೆ ತಿಂಗಳಿಗೆ. ಇವೆರಡು ಬೇಗ ಕೈಗೆ ಬಂದರೆ ಮಕ್ಕಳ ಉತ್ಸಾಹ ಇಳಿಯುವುದಿಲ್ಲ. ಜೊತೆಗೆ ಬೆಂಡೆ, ಅಲಸಂದೆ, ಒಂದು ಬಸಳೆ ಚಪ್ಪರ. ಬಸಳೆಗೆ ಬೀಜ ಹುಡುಕಬೇಡಿ, ಯಾರದ್ದಾದರೂ ಮನೆಯಿಂದ ಒಂದು ತುಂಡು ಬಳ್ಳಿ ತಂದು ಊರಿ. ಟೊಮ್ಯಾಟೊ ಎಲ್ಲರಿಗೂ ಬೇಕು ಅಲ್ವಾ? ಆದರೆ ನಮ್ಮಲ್ಲಿ ಅದಕ್ಕೆ ಸೊರಗು ರೋಗ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಹಸಿರಾಗಿದ್ದ ಹಾಗೇ ಜೋಲು ಬೀಳುತ್ತದೆ, ನೀರು ಹಾಕಿದರೂ ಏಳುವುದಿಲ್ಲ. ಎರಡನೇ ವರ್ಷ ನೋಡಿಕೊಳ್ಳೋಣ.

ಜೀವಾಮೃತಕ್ಕೆ, ಅಂದರೆ ಸಗಣಿ ಗಂಜಲ ಹುದುಗಿಸಿ ಮಾಡುವ ದ್ರವ ಗೊಬ್ಬರಕ್ಕೆ, ಇನ್ನೂರು ಲೀಟರ್ ಡ್ರಮ್ ಬೇಡ, ಇಪ್ಪತ್ತು ಲೀಟರ್ ಬಕೆಟ್ ಸಾಕು. ಅಷ್ಟು ನೀರಿಗೆ 1 ಕೆಜಿ ಸಗಣಿ, 1 ಲೀಟರ್ ಗಂಜಲ, ತಲಾ 200 ಗ್ರಾಂ ಬೆಲ್ಲ ಮತ್ತು ಕಡಲೆ ಹಿಟ್ಟು, ಒಂದು ಮುಷ್ಟಿ ರಾಸಾಯನಿಕ ಬೀಳದ ಮಣ್ಣು. ಮಲೆನಾಡು ಗಿಡ್ಡ ತಳಿಯ ದನ ಸಾಕಿದವರ ಮನೆ ಪಕ್ಕದಲ್ಲೇ ಇದ್ದರೆ ಅರ್ಧ ಕೆಲಸ ಮುಗಿಯಿತು. ನೆರಳಲ್ಲಿಟ್ಟು, ಗೋಣಿ ಮುಚ್ಚಿ, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸಿ. ಮೊದಲ ದಿನ ನಮ್ಮ ಏಳನೇ ಕ್ಲಾಸಿನವರು ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದರು. ಮೂರನೇ ದಿನ ನೊರೆ ಎದ್ದು ಹುಳಿ ಹುಳಿ ವಾಸನೆ ಬಂದಾಗ, ಯಾರು ತಿರುಗಿಸೋದು ಅಂತ ಜಗಳ! ಬೆರೆಸಿಟ್ಟು ಎರಡು ದಿನ ಕಳೆದ ಮೇಲೆ ಹತ್ತರಷ್ಟು ನೀರು ಸೇರಿಸಿ ಬುಡಕ್ಕೆ ಹಾಕಿ, ಒಂದು ವಾರದೊಳಗೆ ಮುಗಿಸಿ. ಸೊಪ್ಪಿನ ಎಲೆ ಮೇಲೆ ಸುರಿಯಬೇಡಿ, ತಿನ್ನುವ ಪದಾರ್ಥ ಅದು. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಅಲಸಂದೆಗೆ ಹೇನು ಹತ್ತಿದರೆ ಬೆಳಿಗ್ಗೆ ಇಬ್ಬನಿ ಇರುವಾಗಲೇ ಒಲೆಯ ಬೂದಿ ಎರಚಿ. ಬಸವನಹುಳುವನ್ನು ಸಂಜೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹೆಕ್ಕಬೇಕು, ಬೇರೆ ದಾರಿ ಇಲ್ಲ. ಮಂಗಕ್ಕೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ. ಒಂದು ಭಾನುವಾರ ಬಂದು ಇಡೀ ಬೆಂಡೆ ಸಾಲು ಖಾಲಿ ಮಾಡಿದವು. ಆಮೇಲೆ ಶನಿವಾರವೇ ಎಳೆಯದ್ದನ್ನೂ ಬಿಡದೆ ಕೊಯ್ದು ಬಿಸಿಯೂಟಕ್ಕೆ ಕೊಟ್ಟುಬಿಡುತ್ತೇವೆ.

ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಜನವರಿಯಲ್ಲೇ ಕೇಳಿಕೊಳ್ಳಿ. ನಾವಂತೂ ಮಾರ್ಚ್ ಕೊನೆಗೆ ಎಲ್ಲಾ ಕಿತ್ತು, ಮಡಿಗೆ ದಪ್ಪಗೆ ಒಣ ಬಾಳೆ ಎಲೆ ಹೊದಿಸಿ ಬಿಡುತ್ತೇವೆ. ಕರಿಬೇವು, ಚಕ್ರಮುನಿ, ಬಾಳೆ ಹೇಗೋ ಬದುಕಿಕೊಳ್ಳುತ್ತವೆ. ಕೀಳುವ ಮುಂಚೆ ಚೆನ್ನಾಗಿ ಬಂದ ಒಂದು ಹರಿವೆ, ಎರಡು ಅಲಸಂದೆ ಗಿಡ ಬೀಜಕ್ಕೆ ಬಿಡಿ. ಒಣಗಿಸಿ, ಬೂದಿ ಬೆರೆಸಿ ಬಾಟಲಿಗೆ ತುಂಬಿ, ಮೇಲೆ ತಾರೀಕು ಬರೆದು ಆರನೇ ಕ್ಲಾಸಿನವರ ಕೈಗೆ ಕೊಡಿ. ಅದನ್ನು ಅಕ್ಟೋಬರ್‌ವರೆಗೆ ತೆರೆಯಬಾರದು ಅಂತಲೂ ಬರೆಯಿರಿ.