ಊರ ಲೀಗಲ್ಲಿ ಆಲ್ ಸ್ಟಾರ್ ಮ್ಯಾಚ್ ಇಡ್ತೀರಾ? ಜನ ಎದ್ದು ಹೋಗದಂಗೆ ಇಡೋದು ಹೀಗೆ

ಮೊದಲನೇ ವರ್ಷ ನಾವು ಇಟ್ಟ ಆಲ್ ಸ್ಟಾರ್ ಮ್ಯಾಚ್ ಕಥೆ ಮೊದಲು ಹೇಳ್ಬಿಡ್ತೀನಿ, ಆಮೇಲೆ ಮಿಕ್ಕಿದ್ದು. ಚಿಕ್ಕಬಳ್ಳಾಪುರದ ಸುತ್ತಮುತ್ತ ನಮ್ಮ ಹಳ್ಳಿಗಳದ್ದು ಎಂಟು ಟೀಮಿನ ಟೆನಿಸ್ ಬಾಲ್ ಲೀಗು. ಫೈನಲ್ ಮುಗಿದ ಮುಂದಿನ ಭಾನುವಾರ ಎಂಟೂ ಟೀಮಿಂದ ಒಳ್ಳೊಳ್ಳೆ ಹುಡುಗರನ್ನ ಎತ್ಕೊಂಡು ರೆಡ್ ಟೀಮ್, ಬ್ಲೂ ಟೀಮ್ ಅಂತ ಮಾಡಿ ಆಡಿಸಿದ್ವಿ. ಶಾಮಿಯಾನ, ಮೈಕ್ ಸೆಟ್ಟು, ಯೂಟ್ಯೂಬ್ ಲೈವು ಎಲ್ಲಾ ಇತ್ತು. ಮೂರನೇ ಓವರ್ ಹೊತ್ತಿಗೆ ಬೌಲರ್ ಬೇಕಂತಲೇ ಫುಲ್‌ಟಾಸ್ ಹಾಕ್ತಿದಾನೆ, ಬ್ಯಾಟ್ಸ್‌ಮನ್ ಹಲ್ಲು ಕಿರೀತಾ ಎತ್ತಿ ಹೊಡೀತಿದಾನೆ, ಬೌಂಡರಿ ಲೈನಲ್ಲಿ ನಿಂತಿರೋನು ಕ್ಯಾಚಿಗೆ ಕೈ ಕೂಡ ಎತ್ತಲ್ಲ. ಐದನೇ ಓವರಿಗೆ ಬೈಕ್‌ಗಳು ಸ್ಟಾರ್ಟ್ ಆಗೋ ಸದ್ದು ಕೇಳಿಸ್ತು. ಸೆಕೆಂಡ್ ಇನಿಂಗ್ಸ್ ಹೊತ್ತಿಗೆ ಕಡ್ಲೆಕಾಯಿ ಮಾರೋ ಅಜ್ಜಿನೂ ಬುಟ್ಟಿ ಎತ್ಕೊಂಡು ಹೊರಟೋದ್ರು, ಅಜ್ಜಿನೇ ಹೋದ್ಮೇಲೆ ಇನ್ನು ಮ್ಯಾಚ್ ಯಾರಿಗೆ ಆಡಿಸೋದು ಹೇಳಿ.

ಆಮೇಲೆ ಫೋನಲ್ಲಿ ಹುಡುಕಿ ಓದಿದ್ರೆ ಇದು ನಮ್ಮೊಬ್ರಿಗೇ ಬಂದಿರೋ ಕಾಯಿಲೆ ಅಲ್ಲ ಅಂತ ಗೊತ್ತಾಯ್ತು. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲಲ್ಲಿ 1951ರಲ್ಲಿ ಶುರುವಾದ ಆಲ್ ಸ್ಟಾರ್ ಗೇಮು, 2024ರಲ್ಲಿ ಸ್ಕೋರ್ ಎಷ್ಟು ಗೊತ್ತಾ, ಈಸ್ಟ್ 211, ವೆಸ್ಟ್ 186. ಎದುರಾಳಿ ಬುಟ್ಟಿಗೆ ಹಾಕ್ತಿದ್ರೆ ಪಕ್ಕಕ್ಕೆ ಸರಿದು ದಾರಿ ಬಿಡೋದು, ಮದುವೆ ಮನೇಲಿ ಬೀಗರಿಗೆ ದಾರಿ ಬಿಟ್ಟಂಗೆ. ಅಲ್ಲಿನ ಎನ್‌ಎಫ್‌ಎಲ್‌ನೋರು ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗಿನೋರು, ಪ್ರೋ ಬೌಲ್ ಅಂತ ತಮ್ಮ ಆಲ್ ಸ್ಟಾರ್ ಮ್ಯಾಚ್ ಮಾಡ್ತಿದ್ರು, ಯಾರೂ ಜೋರಾಗಿ ಟ್ಯಾಕಲ್ ಮಾಡಿ ಕೆಡವ್ತಾನೇ ಇರ್ಲಿಲ್ಲ, ಕೊನೆಗೆ 2023ರಿಂದ ಸೊಂಟಕ್ಕೆ ಸಿಗಿಸಿರೋ ಬಟ್ಟೆ ಕಿತ್ಕೊಳ್ಳೋ ಫ್ಲ್ಯಾಗ್ ಫುಟ್‌ಬಾಲ್ ಮಾಡ್ಬಿಟ್ರು. ನಮ್ಮ ಕ್ರಿಕೆಟ್ಟೇ ತಗೊಳ್ಳಿ, 2005ರಲ್ಲಿ ಐಸಿಸಿ ವರ್ಲ್ಡ್ ಇಲೆವನ್ ಅಂತ ಮಾಡಿ ಆಸ್ಟ್ರೇಲಿಯಾ ಮೇಲೆ ಆಡಿಸ್ತು, ದ್ರಾವಿಡ್, ಸೆಹ್ವಾಗ್, ಲಾರಾ, ಕಾಲಿಸ್, ಮುರಳೀಧರನ್ ಎಲ್ಲಾ ಒಂದೇ ಕಡೆ, ಮೂರು ಒನ್‌ಡೇನೂ ಸೋತ್ರು, ಸಿಡ್ನಿ ಟೆಸ್ಟೂ ಸೋತ್ರು. ಹೆಸರು ದೊಡ್ಡದು, ಆದ್ರೆ ಆ ಟೀಮು ಸೋತಿದ್ದಕ್ಕೆ ಯಾವ ಊರಲ್ಲಾದ್ರೂ ಯಾರಾದ್ರೂ ಊಟ ಬಿಟ್ರಾ? ಇಲ್ಲ. ಯಾಕಂದ್ರೆ ಅದು ಯಾರ ಟೀಮೂ ಅಲ್ಲ.

ಹಂಗಂತ ಶೋ ಮ್ಯಾಚ್ ಅಂದ್ರೆ ಎಲ್ಲಾ ಡಬ್ಬಾ ಅಂತಾನೂ ಅಲ್ಲ. ನಮ್ಮ ಮುದ್ದೇನಹಳ್ಳಿಯಲ್ಲೇ, ಅದೇ ಸರ್ ಎಂ.ವಿ. ಹುಟ್ಟಿದ ಊರಲ್ಲಿ, 2024ರ ಜನವರಿ 18ನೇ ತಾರೀಕು ಸತ್ಯಸಾಯಿ ಗ್ರಾಮದ ಸ್ಟೇಡಿಯಂನಲ್ಲಿ ಒನ್ ವರ್ಲ್ಡ್ ಒನ್ ಫ್ಯಾಮಿಲಿ ಕಪ್ ಆಯ್ತಲ್ಲ, ಒಂದು ಕಡೆ ಸಚಿನ್ ಕ್ಯಾಪ್ಟನ್, ಇನ್ನೊಂದು ಕಡೆ ಯುವರಾಜ್, ಏಳು ದೇಶದ 24 ಜನ ಹಳೇ ಆಟಗಾರರು. ಅವತ್ತು ಗುರುವಾರ, ನಮ್ಮೂರಲ್ಲಿ ಅರ್ಧ ಜನ ಕೆಲ್ಸ ಬಿಟ್ಟು ಫೋನ್ ಹಿಡ್ಕೊಂಡು ಕೂತಿದ್ರು. ಈಗ ಯಾರನ್ನಾದ್ರೂ ಕೇಳಿ ನೋಡಿ, ಸಚಿನ್ ಎಷ್ಟು ಹೊಡೆದ ಅಂತ ಹೇಳಲ್ಲ, ಕೊನೇ ಓವರಲ್ಲಿ ಯೂಸುಫ್ ಪಠಾಣ್ ಹಾಕಿದ ಬಾಲನ್ನ ತಮ್ಮ ಇರ್ಫಾನ್ ಸಿಕ್ಸ್ ಎತ್ತಿ ಮ್ಯಾಚ್ ಮುಗಿಸಿದ್ದು ಹೇಳ್ತಾರೆ. ಅಣ್ಣನ ಬಾಲಿಗೆ ತಮ್ಮ ಸಿಕ್ಸು, ಒಂದು ಬಾಲ್ ಬಾಕಿ ಇದ್ದಾಗ. ಸ್ಟಾರ್ ನೋಡೋಕೆ ಬಂದ ಜನ ಹತ್ತು ನಿಮಿಷ ಇರ್ತಾರೆ, ಜಿದ್ದು ನೋಡೋಕೆ ಬಂದ ಜನ ಕೊನೇವರ್ಗೂ ಇರ್ತಾರೆ, ಇಷ್ಟೇ ನಾನು ಕಲಿತಿದ್ದು.

ಹಾಗಾಗಿ ಟೀಮ್ ಹೆಂಗೆ ಹಂಚ್ತೀರ ಅನ್ನೋದೇ ಮುಕ್ಕಾಲು ಕೆಲ್ಸ. ರೆಡ್, ಬ್ಲೂ ಅಂತೆಲ್ಲಾ ಬೇಡ್ವೇ ಬೇಡ, ಬಣ್ಣಕ್ಕೆ ಯಾರೂ ವಿಸಿಲ್ ಹೊಡೆಯಲ್ಲ. ಎರಡನೇ ವರ್ಷ ನಾವು ಮಾಡಿದ್ದು ಸಿಂಪಲ್ಲು, ಹೈವೇ ಆ ಕಡೆ ಹಳ್ಳಿಗಳು ಒಂದು ಟೀಮು, ಈ ಕಡೆ ಹಳ್ಳಿಗಳು ಒಂದು ಟೀಮು. ಹೈದರಾಬಾದ್ ಹೈವೇ ನಮ್ಮನ್ನ ಹೆಂಗೂ ಎರಡು ಹೋಳು ಮಾಡಿದೆ, ಆ ಕಡೆಯೋರಿಗೆ ಈ ಕಡೆಯೋರ ಮೇಲೆ ಅಂಡರ್‌ಪಾಸ್ ವಿಷಯಕ್ಕೆ, ನೀರಿನ ವಿಷಯಕ್ಕೆ ಮೊದ್ಲಿಂದ ಒಂಚೂರು ಇದ್ದೇ ಇದೆ, ಅದನ್ನೇ ಬಳಸ್ಕೊಂಡ್ವಿ. ನಿಮ್ಮ ಕಡೆ ಕೆರೆ ಮೇಲಿನೋರು ಕೆರೆ ಕೆಳಗಿನೋರು ಅಂತಿರಬಹುದು, ಇಲ್ಲಾ ಶಿಡ್ಲಘಟ್ಟ ಚಿಂತಾಮಣಿ ಅಂತ ತಾಲ್ಲೂಕು ಮೇಲೆ ಮಾಡಬಹುದು. ಜಾತಿ ಮೇಲೆ, ಪಾರ್ಟಿ ಮೇಲೆ ಮಾತ್ರ ಯಾವತ್ತೂ ಹಂಚ್ಬೇಡಿ, ಅದು ಜಿದ್ದಲ್ಲ ಜಗಳ. ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನೋರು 2025ರಲ್ಲಿ ಮಾಡಿದ್ದೂ ಇದೇ ನೋಡಿ, ಆಲ್ ಸ್ಟಾರ್ ಗೇಮ್ ಎತ್ತಿಟ್ಟು ಅದೇ ಆಟಗಾರರನ್ನ ಅಮೆರಿಕ, ಕೆನಡಾ, ಸ್ವೀಡನ್, ಫಿನ್ಲೆಂಡ್ ಅಂತ ನಾಲ್ಕು ದೇಶ ಮಾಡಿ ಬಿಟ್ರು, ಮಾಂಟ್ರಿಯಲ್ ಮ್ಯಾಚಲ್ಲಿ ಅಮೆರಿಕ ಕೆನಡಾದೋರು ಮೊದಲ ಒಂಬತ್ತು ಸೆಕೆಂಡಲ್ಲಿ ಮೂರು ಸಲ ಕೈ ಕೈ ಮಿಲಾಯಿಸಿದ್ರು. ಹೊಡೆದಾಡ್ಲಿ ಅಂತ ಹೇಳ್ತಿಲ್ಲಪ್ಪಾ, ಬರೀ ಶೋ ಮ್ಯಾಚಿಗೆ ಯಾರೂ ಮೂತಿ ಒಡೆಸ್ಕೊಳ್ಳಲ್ಲ ಅಂತ ಹೇಳ್ತಿದೀನಿ. ಇನ್ನೊಂದು, ಲೀಗಲ್ಲಿ ಒಂದೇ ಟೀಮಲ್ಲಿ ಆಡೋ ಇಬ್ಬರು ದೋಸ್ತ್‌ಗಳು ಹೈವೇ ಎರಡು ಕಡೆಯೋರಾದ್ರೆ ಅವರನ್ನ ಖಂಡಿತ ತಗೊಳ್ಳಿ, ವರ್ಷವಿಡೀ ನೆಟ್ಟಲ್ಲಿ ಅವನ ಬಾಲ್ ಆಡಿರೋನು ಇವನು, ಅಲ್ಲಿ ಬರೋ ಮಜಾನೇ ಬೇರೆ.

ಸೋತ್ರೆ ಏನೋ ಒಂದು ಹೋಗ್ಬೇಕು. ಟ್ರೋಫಿ ಸಾಕಾಗಲ್ಲ, ಟ್ರೋಫಿ ಎಲ್ಲರ ಮನೆ ಶೋಕೇಸಲ್ಲೂ ಇದೆ. ಎರಡನೇ ವರ್ಷ ಆಲ್ ಸ್ಟಾರ್ ಮ್ಯಾಚನ್ನ ಫೈನಲಿಗೆ ಮುಂಚೆನೇ ಇಟ್ಟು, ನಾನು ಬುದ್ಧಿವಂತ ಅಂತ ಗೆದ್ದ ಕಡೆಯೋರ ಗ್ರೌಂಡಲ್ಲೇ ಫೈನಲ್ ಅಂತ ರೂಲ್ ತಂದೆ. ಆಟ ಏನೋ ಸೀರಿಯಸ್ ಆಯ್ತು, ಆದ್ರೆ ಲೀಗಲ್ಲಿ ಟಾಪಲ್ಲಿದ್ದ ಟೀಮಿನೋರು ಬಂದು, ಅಣ್ಣಾ ನಾವು ಏಳು ಮ್ಯಾಚಲ್ಲಿ ಆರು ಗೆದ್ದು, ಯಾರೋ ಬೇರೆ ಟೀಮಿನೋನು ಕ್ಯಾಚ್ ಬಿಟ್ಟಿದ್ದಕ್ಕೆ ಅವರ ಗ್ರೌಂಡಿಗೆ ಹೋಗ್ಬೇಕಾ ಅಂದ್ರು, ನನ್ನತ್ರ ಉತ್ತರ ಇರ್ಲಿಲ್ಲ. ಇದನ್ನೇ ಅಮೆರಿಕದ ಬೇಸ್‌ಬಾಲ್‌ನೋರು 2003ರಿಂದ 2016ರವರೆಗೆ ಮಾಡಿ ಬಿಟ್ಟಿದ್ರು, ಅವರಲ್ಲಿ ಎರಡು ಲೀಗು, ಆಲ್ ಸ್ಟಾರ್ ಗೆದ್ದ ಲೀಗಿನ ಟೀಮಿಗೆ ವರ್ಲ್ಡ್ ಸೀರೀಸ್ ಅನ್ನೋ ಅವರ ಫೈನಲಲ್ಲಿ ಹೋಮ್ ಗ್ರೌಂಡ್ ಅಡ್ವಾಂಟೇಜ್ ಅಂತ. ಅವರು ಹದಿನಾಲ್ಕು ವರ್ಷ ತಗೊಂಡು ಕಲಿತದ್ದನ್ನ ನಾನು ಒಂದೇ ವರ್ಷದಲ್ಲಿ ಬೈಸ್ಕೊಂಡು ಕಲಿತೆ. ಲೀಗಿನ ಲೆಕ್ಕಕ್ಕೆ ಆಲ್ ಸ್ಟಾರ್ ಮ್ಯಾಚನ್ನ ಗಂಟು ಹಾಕ್ಬೇಡಿ. ಈಗ ನಮ್ಮ ರೂಲ್ ಏನಂದ್ರೆ, ಮ್ಯಾಚ್ ಮುಗಿದ್ಮೇಲೆ ಮುದ್ದೆ, ನಾಟಿ ಕೋಳಿ ಸಾರಿನ ಊಟ, ಸೋತ ಹನ್ನೊಂದು ಜನ ಪಂಚೆ ಎತ್ತಿ ಕಟ್ಕೊಂಡು ಬಡಿಸ್ಬೇಕು, ಗೆದ್ದೋರು ಮೊದಲ ಪಂಕ್ತಿ. ನಂಬ್ತೀರೋ ಬಿಡ್ತೀರೋ, ಹತ್ತು ಸಾವಿರ ಪ್ರೈಜ್ ಮನಿ ಮಾಡದ ಕೆಲ್ಸ ಇದು ಮಾಡ್ತು. ಎದುರು ಟೀಮಿನ ಓಪನರ್ ಎಲೆ ಮುಂದೆ ಕೂತು, ಇನ್ನೊಂಚೂರು ಸಾರು ಬಿಡಪ್ಪಾ ಅಂತ ಇಡೀ ಊರಿನ ಮುಂದೆ ಹೇಳ್ತಾನೆ ಅಂತ ಗೊತ್ತಾದ್ರೆ ಯಾವ ಬೌಲರೂ ಬೇಕಂತ ಫುಲ್‌ಟಾಸ್ ಹಾಕಲ್ಲ.

ಆಯ್ಕೆ ವಿಷಯಕ್ಕೆ ಬಂದ್ರೆ, ಜನರ ಕೈಲಿ ವೋಟ್ ಹಾಕಿಸಿ, ಆದ್ರೆ ಪೂರ್ತಿ ಅವರ ಕೈಗೆ ಕೊಡ್ಬೇಡಿ. ನಾವು ವಾಟ್ಸಾಪ್ ಪೋಲ್ ಇಟ್ವಿ, ಒಂದು ಊರಿನೋರು ಮನೇಲಿರೋ ಅಜ್ಜ ಅಜ್ಜಿ ಫೋನಿಂದೆಲ್ಲಾ ಒತ್ತಿಸಿ ತಮ್ಮ ಟೀಮಿನ ಎಂಟು ಜನರನ್ನ ತಂದು ಕೂರಿಸಿದ್ರು, ಅದ್ರಲ್ಲಿ ಒಬ್ಬ ಇಡೀ ಸೀಸನ್ ನಾಲ್ಕು ರನ್ ಹೊಡೆದೋನು. 1957ರಲ್ಲಿ ಸಿನ್ಸಿನಾಟಿ ಬೇಸ್‌ಬಾಲ್ ಫ್ಯಾನ್ಸೂ ಇದನ್ನೇ ಮಾಡಿದ್ರಂತೆ, ಎಂಟು ಜಾಗದಲ್ಲಿ ಏಳು ಅವರ ಟೀಮಿಂದೇ, ಬೇಸ್‌ಬಾಲ್ ನಡೆಸೋ ಕಮಿಷನರ್ ಅದ್ರಲ್ಲಿ ಇಬ್ಬರನ್ನ ತೆಗೆದು ಹಾಕಿ, 1970ರವರೆಗೆ ಜನರ ಕೈಯಿಂದ ವೋಟೇ ಕಿತ್ಕೊಂಡ್ರು. ಎನ್‌ಬಿಎನಲ್ಲಿ 2017ರಿಂದ ಮೊದಲ ಐದು ಜನರನ್ನ ಆರಿಸೋಕೆ ಅರ್ಧ ಫ್ಯಾನ್ಸ್ ವೋಟು, ಕಾಲು ಆಟಗಾರರದ್ದು, ಕಾಲು ಪತ್ರಕರ್ತರದ್ದು. ನಾವು ಅದನ್ನೇ ಎತ್ಕೊಂಡು ಪತ್ರಕರ್ತರ ಜಾಗಕ್ಕೆ ಅಂಪೈರು, ಸ್ಕೋರರ್‌ಗಳನ್ನ ಹಾಕಿದ್ವಿ, ಯಾಕಂದ್ರೆ ಎಲ್ಲಾ ಮ್ಯಾಚೂ ಪೂರ್ತಿ ನೋಡಿರೋರು ಅವರೇ.

ಆದ್ರೆ ಒಂದು ಜಾಗ, ಒಂದೇ ಒಂದು, ಜನ ಯಾರನ್ನ ಬೇಕಾದ್ರೂ ಕಳಿಸ್ಲಿ ಅಂತ ಬಿಡಿ. 2016ರಲ್ಲಿ ಜಾನ್ ಸ್ಕಾಟ್ ಅಂತ ಐಸ್ ಹಾಕಿ ಆಟಗಾರ, ಗೋಲ್ ಹೊಡೆಯೋದಕ್ಕಿಂತ ಗುದ್ದಾಟಕ್ಕೆ ಹೆಸರಾದೋನು, ಫ್ಯಾನ್ಸ್ ತಮಾಷೆಗೆ ಅಂತ ವೋಟ್ ಹಾಕಿ ಆಲ್ ಸ್ಟಾರ್ ಕ್ಯಾಪ್ಟನ್ ಮಾಡ್ಬಿಟ್ರು, ಅಷ್ಟರಲ್ಲಿ ಅವನ ಟೀಮು ಅವನನ್ನ ಬೇರೆ ಕಡೆ ಮಾರಿ ಕೆಳಗಿನ ಲೀಗಿಗೆ ಹೋಗೋಂಗಾಯ್ತು, ಆದ್ರೂ ಬಂದು ಎರಡು ಗೋಲ್ ಹೊಡೆದ, ಟೀಮ್ ಗೆಲ್ತು, ಎಂವಿಪಿ, ಅಂದ್ರೆ ಮ್ಯಾನ್ ಆಫ್ ದಿ ಮ್ಯಾಚೂ ಅವನೇ. ನಮ್ಮಲ್ಲಿ ಆ ಜಾಗಕ್ಕೆ ಬಂದಿದ್ದು 46 ವರ್ಷದ ಒಬ್ಬ ಕೀಪರ್, ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಹಾಲು ಅಳೆಯೋರು. ಒಂದು ಸ್ಟಂಪಿಂಗ್ ಮಾಡಿದ್ರು ನೋಡಿ, ಡೈರಿಗೆ ಹಾಲು ಹಾಕೋ ಹೆಂಗಸರೆಲ್ಲಾ ಎದ್ದು ನಿಂತು ಕೂಗಿದ್ರು, ಅವರಲ್ಲಿ ಮುಕ್ಕಾಲು ಜನ ಅವತ್ತೇ ಮೊದಲು ಗ್ರೌಂಡಿಗೆ ಬಂದಿದ್ದು.

ರೂಲ್ಸ್ ಜಾಸ್ತಿ ಬೇಡ. ಎಂಟು ಓವರ್, ಒಬ್ಬನಿಗೆ ಎರಡೇ ಓವರ್. ಎಲ್ಲರಿಗೂ ಚಾನ್ಸ್ ಸಿಗ್ಲಿ ಅಂತ ಮೂವತ್ತು ಹೊಡೆದ್ರೆ ರಿಟೈರ್ ಅಂತ ಒಂದ್ಸಲ ಇಟ್ವಿ, ಚೆನ್ನಾಗಿ ಬಾರಿಸ್ತಿರೋನನ್ನ ಎಬ್ಬಿಸಿ ಕಳಿಸಿದ್ರೆ ಜನ ಅಂಪೈರಿಗೆ ಬೈತಾರೆ, ಮಾಡ್ಬೇಡಿ. ಕೊನೇ ಎರಡು ಓವರ್ ಮಾತ್ರ ಟೀಮಿನ ಬೆಸ್ಟ್ ಬೌಲರ್‌ಗಳೇ ಹಾಕ್ಬೇಕು, ಅವರ ಹೆಸರು ಟಾಸ್‌ಗೆ ಮುಂಚೆನೇ ಬರೆದು ಕೊಟ್ಟಿರ್ಬೇಕು. 2020ರ ಎನ್‌ಬಿಎ ಆಲ್ ಸ್ಟಾರಲ್ಲಿ ಕೊನೇ ಕ್ವಾರ್ಟರಿಗೆ ಗಡಿಯಾರ ತೆಗೆದು, ಮುಂದಿರೋ ಟೀಮಿನ ಸ್ಕೋರಿಗೆ 24 ಸೇರಿಸಿ ಅದನ್ನ ಮೊದಲು ಮುಟ್ಟಿದೋರು ಗೆದ್ದಂಗೆ ಅಂತ ಮಾಡಿದ್ರು, ಆ 24 ತೀರ್ಕೊಂಡ ಕೋಬಿ ಬ್ರಯಂಟ್ ಜೆರ್ಸಿ ನಂಬರು. ಅಲ್ಲೀವರ್ಗೂ ಶೋಕಿ ಆಡ್ತಿದ್ದೋರು ದಿಢೀರ್ ಅಂತ ಡಿಫೆನ್ಸ್‌ಗೆ ಇಳಿದ್ರು, 157-155ಕ್ಕೆ ಮುಗೀತು. ಅಂದ್ರೆ ಆಟಗಾರರಿಗೆ ಆಸೆ ಇಲ್ಲ ಅಂತಲ್ಲ, ಕೊನೆ ಹತ್ರ ಬಂತು ಅಂತ ಅವರಿಗೆ ಅನ್ನಿಸ್ಬೇಕು ಅಷ್ಟೇ.

ಟೈ ಆದ್ರೆ ಏನು ಅಂತ ಮೊದಲೇ ಮೈಕಲ್ಲಿ ಹೇಳ್ಬಿಡಿ, ದಯವಿಟ್ಟು. 2002ರಲ್ಲಿ ಮಿಲ್ವಾಕಿಯಲ್ಲಿ ಬೇಸ್‌ಬಾಲ್ ಆಲ್ ಸ್ಟಾರ್ ಹನ್ನೊಂದು ಇನಿಂಗ್ಸ್ ಆದ್ರೂ 7-7, ಎರಡೂ ಕಡೆ ಬಾಲ್ ಹಾಕೋರೇ ಖಾಲಿ, ಟೈ ಅಂತ ಮನೆಗೆ ಕಳಿಸಿದ್ರು, ಜನ ಛೀ ಥೂ ಅಂದ್ರು. 2025ರಲ್ಲಿ ಅದೇ ಆಟ 6-6 ಆದಾಗ ಅವರತ್ರ ರೂಲ್ ರೆಡಿ ಇತ್ತು, ಒಂದೊಂದು ಕಡೆಯಿಂದ ಮೂರು ಜನ, ತಲಾ ಮೂರು ಹೊಡೆತ, ಯಾರು ಜಾಸ್ತಿ ಹೋಮ್ ರನ್, ನಮ್ಮ ಸಿಕ್ಸ್ ಇದ್ದಂಗೆ, ಹೊಡೀತಾರೋ ಅವರು ಗೆದ್ದಂಗೆ. ಕೈಲ್ ಶ್ವಾರ್ಬರ್ ಮೂರಕ್ಕೆ ಮೂರೂ ಎತ್ತಿದ, ಇಡೀ ಮ್ಯಾಚ್ ಮರೆತೋರಿಗೂ ಅದು ನೆನಪಿದೆ. ನಮ್ಮದು ಸೂಪರ್ ಓವರ್, ಅದೂ ಟೈ ಆದ್ರೆ ಖಾಲಿ ಕ್ರೀಸಿಗೆ ಒಂಟಿ ಸ್ಟಂಪ್ ನೆಟ್ಟು ಮೂರು ಮೂರು ಬಾಲ್.

ದಿನ ಯಾವಾಗ ಇಡೋದು ಅಂದ್ರೆ, ಫೈನಲ್ ಆದ್ಮೇಲೆ ಬೇಡ, ಜನರ ದುಡ್ಡೂ ಮುಗಿದಿರುತ್ತೆ ಆಸಕ್ತಿನೂ ಮುಗಿದಿರುತ್ತೆ. ಲೀಗ್ ಮ್ಯಾಚ್ ಮುಗಿದು ಸೆಮಿಗೆ ಒಂದು ವಾರ ಇರೋವಾಗ ಇಡಿ. ಓನರ್‌ಗಳು ನಮ್ ಹುಡುಗನ ಕಾಲು ಮುರಿದ್ರೆ ಯಾರು ಜವಾಬ್ದಾರಿ ಅಂತ ಗಲಾಟೆ ಮಾಡೇ ಮಾಡ್ತಾರೆ, ಅದ್ರಲ್ಲಿ ನ್ಯಾಯನೂ ಇದೆ, ಹಿಂದಿನ ದಿನ ಸಂಜೆ ಟ್ಯಾಂಕರ್ ತರಿಸಿ ಔಟ್‌ಫೀಲ್ಡಿಗೆ ನೀರು ಹೊಡೆಸಿ, ಕಲ್ಲು ಆರಿಸಿ. ಅವತ್ತು ನಮ್ಮ ಕಡೆ ಮದುವೆ ಮುಹೂರ್ತ ಇದೆಯಾ ಅಂತ ಕ್ಯಾಲೆಂಡರ್ ನೋಡೋದು ಮರೀಬೇಡಿ. ಕಾಮೆಂಟ್ರಿಗೆ ಕನ್ನಡ, ತೆಲುಗು ಎರಡೂ ಬೆರೆಸಿ ಮಾತಾಡೋನನ್ನ ಹಿಡಿಯಿರಿ, ಬಾಗೇಪಲ್ಲಿ ಕಡೆ ಸಿಕ್ತಾರೆ, ಅವರು ಬೌಲರ್ ಅಜ್ಜನ ಕಾಲದ ವಿಷಯ ಎಲ್ಲಾ ತೆಗೆದು ಕಾಲೆಳೀತಾರೆ.

ಹೋದ್ ವರ್ಷ ಸೋತಿದ್ದು ನಮ್ಮ ಕಡೆನೇ, ಎರಡು ರನ್ನಿಂದ. ನಾನು ಬರೀ ಮ್ಯಾನೇಜರ್, ಆಡಿರ್ಲಿಲ್ಲ, ಆದ್ರೂ ಬಿಡ್ಲಿಲ್ಲ, ಮುದ್ದೆ ಗುಡಾಣ ನನ್ನ ಕೈಗೇ ಕೊಟ್ರು. ಕಡ್ಲೆಕಾಯಿ ಅಜ್ಜಿ ಮೊದಲ ಪಂಕ್ತಿಯಲ್ಲಿ ಕೂತಿದ್ರು, ಆಡದೇ ಇರೋರಿಗೆ ಮೊದಲ ಪಂಕ್ತಿ ಇಲ್ಲ ಅಜ್ಜಿ ಅಂದ್ರೆ, ನಾನು ಗೆದ್ದೋರ ಕಡೆಯೋಳು, ಹಾಕೋ ಸುಮ್ನೆ ಅಂದ್ರು. ನೀವು ಬಡಿಸೋ ಪರಿಸ್ಥಿತಿ ಬಂದ್ರೆ ಪಕ್ಕದಲ್ಲಿ ಒಂದು ಪಾತ್ರೇಲಿ ತಣ್ಣೀರು ಇಟ್ಕೊಳ್ಳಿ, ಒಂದೊಂದು ಮುದ್ದೆಗೂ ಕೈ ಅದ್ದಿ ಅದ್ದಿ ಎತ್ತಿ, ಇಲ್ಲಾಂದ್ರೆ ಅಂಗೈ ಸುಟ್ಟೋಗುತ್ತೆ.